ಪರದೆ ಎಳೆದ ತರಗತಿ

ಅಫ್ಘಾನಿಸ್ತಾನದಲ್ಲಿ ಹುಟ್ಟಿ ಅಮೆರಿಕದಲ್ಲಿ ವೈದ್ಯರಾಗಿದ್ದ ಖಾಲೆದ್ ಹೊಸೈನಿಯವರ ‘ಎ ಥೌಸಂಡ್ ಸ್ಪ್ಲೆಂಡಿಡ್ ಸನ್ಸ್’ ಎಂಬ ಇಂಗ್ಲಿಷ್ ಕಾದಂಬರಿ 2007ರಲ್ಲಿ ಹೊರಬಂತು. ಓದಿದವರು ಹೆಚ್ಚಾಗಿ ಅದನ್ನು ಹೆಣ್ಣಿನ ಗೋಳಿನ ಕಥೆ ಎಂದು ಹೇಳುತ್ತಾರೆ. ಗೋಳು ಅದರಲ್ಲಿ ಬೇಕಾದಷ್ಟಿದೆ, ನಿಜ. ಆದರೆ ನನಗೆ ಅದು ಮುಖ್ಯವೆನಿಸಿದ್ದು ಬೇರೆ ಕಾರಣಕ್ಕೆ. ತಾಲಿಬಾನಿನಂಥ ಬಂದೂಕು ಹಿಡಿದ ಒಂದು ಪಂಗಡ ಒಂದು ದೇಶದೊಳಗೆ ಹೇಗೆ ಕಾಲಿಡುತ್ತದೆ, ಕಾಲಿಟ್ಟ ಮೇಲೆ ಮೊದಲು ಯಾರ ಮನೆಯ ಬಾಗಿಲಿಗೆ ಬರುತ್ತದೆ ಎಂಬುದನ್ನು ಈ ಪುಸ್ತಕ ಪತ್ರಿಕೆಗಳ ವರದಿಗಿಂತ ಚೆನ್ನಾಗಿ ತಿಳಿಸಿಕೊಡುತ್ತದೆ.

ಕಥೆ ಇಬ್ಬರು ಹೆಂಗಸರದು. ಹೆರಾತ್ ಕಡೆಯ ಮರಿಯಮ್‌ಳನ್ನು ಹದಿನೈದನೆಯ ವಯಸ್ಸಿಗೆ ಕಾಬೂಲಿನ ಚಪ್ಪಲಿ ವ್ಯಾಪಾರಿ ರಶೀದ್‌ಗೆ ಕಟ್ಟುತ್ತಾರೆ. ಅದು 1974. ಮದುವೆಯಾದ ಕೆಲವೇ ದಿನಗಳಲ್ಲಿ ಅವನು ಅವಳಿಗೆ ಬುರ್ಖಾ ತೊಡಿಸುತ್ತಾನೆ. ಹದಿನೆಂಟು ವರ್ಷಗಳ ಅನಂತರ ನೆರೆಮನೆಯ ಲೈಲಾ ಅದೇ ಮನೆಗೆ ಎರಡನೆಯ ಹೆಂಡತಿಯಾಗಿ ಬರುತ್ತಾಳೆ. ಅವಳ ತಂದೆ ತಾಯಿ ಸತ್ತದ್ದು 1992ರಲ್ಲಿ, ಮನೆಯ ಮೇಲೆ ಬಿದ್ದ ರಾಕೆಟ್ಟಿನಿಂದ. ಆಗ ತಾಲಿಬಾನ್ ಎಂಬ ಹೆಸರನ್ನು ಯಾರೂ ಕೇಳಿರಲಿಲ್ಲ. ರಷ್ಯದ ಸೈನ್ಯ 1989ರಲ್ಲಿ ಹೊರಟುಹೋಗಿತ್ತು. ಅದನ್ನು ಎದುರಿಸಿದ್ದ ಮುಜಾಹಿದೀನ್ ಗುಂಪುಗಳೇ ಈಗ ಕಾಬೂಲನ್ನು ಹಂಚಿಕೊಳ್ಳಲಾಗದೆ ಒಂದರ ಮೇಲೊಂದು ಗುಂಡು ಹಾರಿಸುತ್ತಿದ್ದವು. ಇಬ್ಬರು ಹೆಂಗಸರೂ ಒಮ್ಮೆ ಮನೆ ಬಿಟ್ಟು ಓಡಿಹೋಗಲು ನೋಡಿ, ಬಸ್ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತಾರೆ. ಪೊಲೀಸರು ಅವರನ್ನು ಗಂಡನ ಕೈಗೇ ಒಪ್ಪಿಸುತ್ತಾರೆ. ಅದು 1994. ತಾಲಿಬಾನ್ ಕಾಬೂಲಿಗೆ ಬಂದದ್ದು 1996ರ ಸೆಪ್ಟೆಂಬರಿನಲ್ಲಿ.

ಈ ಇಸವಿಗಳ ಕಡೆಗೆ ಓದುಗರು ಗಮನ ಕೊಡಬೇಕೆಂದು ನಾನು ಹೇಳುತ್ತೇನೆ. ಎಲ್ಲ ಕೆಡುಕನ್ನೂ ತಾಲಿಬಾನಿನ ತಲೆಗೆ ಕಟ್ಟುವುದು ಲೇಖಕರಿಗೆ ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ರಾಕೆಟ್ಟುಗಳಿಗೆ ಬೇಸತ್ತ ಜನ ಯಾರಾದರೂ ಬಂದು ಒಮ್ಮೆ ಇದನ್ನು ನಿಲ್ಲಿಸಲಿ ಎಂದು ಕಾಯುತ್ತಿದ್ದರು. 1994ರಲ್ಲಿ ಕಂದಹಾರಿನಲ್ಲಿ ಮುಲ್ಲಾ ಒಮರ್‌ನ ಸುತ್ತ ಸೇರಿದವರು ಅದನ್ನು ನಿಲ್ಲಿಸುತ್ತೇವೆಂದು ಬಂದರು. ಬಹಳ ಕಡೆ ನಿಲ್ಲಿಸಿಯೂ ತೋರಿಸಿದರು. ಊರು ಸದ್ದಿಲ್ಲದಾಯಿತು. ಆದರೆ ಆ ನೆಮ್ಮದಿಯ ಬೆಲೆಯನ್ನು ತೆತ್ತವರು ಹೆಣ್ಣುಮಕ್ಕಳು. ರಶೀದ್ ತನ್ನ ಮನೆಯೊಳಗೆ ಇಪ್ಪತ್ತು ವರ್ಷಗಳಿಂದ ನಡೆಸುತ್ತಿದ್ದ ಕಟ್ಟಳೆ ಈಗ ಇಡೀ ದೇಶದ ಕಾನೂನಾಯಿತು. ಅವನಿಗೆ ಅದು ಹೊಸದಾಗಿ ಕಾಣಲೇ ಇಲ್ಲ.

ಇಲ್ಲಿ ನನಗೆ ನಮ್ಮವರೇ ಆದ ಸಾರಾ ಅಬೂಬಕ್ಕರ್ ನೆನಪಾಗುತ್ತಾರೆ. 1984ರ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ತಂದೆಯ ಹಠದಿಂದ ತಲಾಖ್ ಆದವಳು. ಒಲಿದ ಗಂಡನನ್ನೇ ಮತ್ತೆ ಸೇರಬೇಕಾದರೆ ನಡುವೆ ಇನ್ನೊಬ್ಬನ ಹೆಂಡತಿಯಾಗಿ ಒಂದು ರಾತ್ರಿ ಕಳೆಯಬೇಕು ಎಂದಾಗ ಅವಳು ಮಸೀದಿಯ ಕೊಳಕ್ಕೆ ಹಾರಿ ಪ್ರಾಣ ಬಿಡುತ್ತಾಳೆ. ಅಲ್ಲಿ ಬಂದೂಕಿಲ್ಲ, ಯುದ್ಧವಿಲ್ಲ. ಮನೆಯ ಯಜಮಾನ ಮತ್ತು ರೂಢಿ ಇಷ್ಟೇ ಸಾಕಾಯಿತು. ಎರಡನ್ನೂ ಒಟ್ಟಿಗಿಟ್ಟು ಓದಿದರೆ ಬಂದೂಕು ಎಲ್ಲಿಂದ ಶುರುವಾಗುತ್ತದೆ ಎಂಬುದು ತಿಳಿಯುತ್ತದೆ. ನಾದಿರಾಳ ಸುತ್ತ ಬಾಯಿಮಾತಿನ ಬಲದಿಂದ ನಿಂತಿದ್ದ ಗೋಡೆಗೆ ಕಾಬೂಲಿನಲ್ಲಿ ಕಾವಲುಗಾರರು ಬಂದರು, ಅಷ್ಟೆ. ಇದನ್ನು ಒಂದು ಧರ್ಮದ ದೋಷವೆಂದು ಬೆರಳು ತೋರಿಸುವವರು ತಮ್ಮ ತಮ್ಮ ಮನೆಯ ಹಿರಿಯರನ್ನೂ ಒಮ್ಮೆ ನೆನೆಯುವುದು ಒಳ್ಳೆಯದು.

ಕಾದಂಬರಿಯ ಬಹಳ ಒಳ್ಳೆಯ ಭಾಗ ಯಾವುದೆಂದು ಕೇಳಿದರೆ ನಾನು ಮರಿಯಮ್‌ಳ ವಿಚಾರಣೆಯನ್ನು ಹೇಳುತ್ತೇನೆ. ಲೈಲಾಳ ಕತ್ತು ಹಿಸುಕುತ್ತಿದ್ದ ರಶೀದ್‌ನನ್ನು ಗುದ್ದಲಿಯಿಂದ ಹೊಡೆದು ಕೊಂದ ಅವಳಿಗೆ ಮರಣದಂಡನೆ ವಿಧಿಸುವ ತಾಲಿಬಾನ್ ನ್ಯಾಯಾಧೀಶ ಕಿರುಚುವವನಲ್ಲ. ಅವನೊಬ್ಬ ಸಾವಿನ ಅಂಚಿನಲ್ಲಿರುವ ರೋಗಿ. ಮೆತ್ತಗೆ ಮಾತಾಡುತ್ತಾನೆ, ದೇವರ ಮುಂದೆ ನಿಲ್ಲಬೇಕಲ್ಲ ಎಂಬ ಹೆದರಿಕೆ ಅವನಿಗಿದೆ. ಆದರೂ ಸಹಿ ಹಾಕುತ್ತಾನೆ. ಕೆಟ್ಟವರು ಸೇರಿದರೆ ಮಾತ್ರ ಇಂಥದ್ದೆಲ್ಲ ನಡೆಯುತ್ತದೆ ಎಂಬ ನಮ್ಮ ಸಮಾಧಾನವನ್ನು ಈ ಒಂದು ಪಾತ್ರ ತೆಗೆದುಹಾಕುತ್ತದೆ.

ಇನ್ನೊಂದು ಭಾಗ ಅನಾಥಾಲಯದ್ದು. ಅಲ್ಲಿನ ಮೇಲ್ವಿಚಾರಕ ಜಮಾನ್ ಹೆಣ್ಣುಮಕ್ಕಳಿಗೆ ಕಿಟಕಿಯ ಪರದೆ ಎಳೆದು ಪಾಠ ಹೇಳುತ್ತಾನೆ. ತಾಲಿಬಾನಿನವರು ಬಂದರೆ ಕೈಗೆತ್ತಿಕೊಳ್ಳಲು ಉಲ್ಲನ್ ಉಂಡೆ, ಹೆಣೆಯುವ ಕಡ್ಡಿಗಳು ಸಿದ್ಧವಾಗಿವೆ. ನಮ್ಮ ಕೊಲ್ಲಮೊಗ್ರಿನಲ್ಲಿ ಮಳೆಗಾಲಕ್ಕೆ ಹೊಳೆ ತುಂಬಿದರೆ ಮಕ್ಕಳು ಶಾಲೆಗೆ ಬರಲಾರರು. ನೀರು ಇಳಿದ ಮೇಲೆ ಬರುತ್ತಾರೆ. ಅಪ್ಪಣೆಯಿಂದ ಮುಚ್ಚಿದ ಶಾಲೆಯ ದಾರಿ ಹಾಗೆ ತೆರೆಯುವುದಿಲ್ಲ.

ಕಾದಂಬರಿಯ ಮೇಲೆ ನನಗೊಂದು ಆಕ್ಷೇಪವೂ ಇದೆ. ತಾಲಿಬಾನ್ ಎಂದರೆ ವಿದ್ಯಾರ್ಥಿಗಳು ಎಂದರ್ಥ. ಆ ವಿದ್ಯಾರ್ಥಿಗಳಿಗೆ ಪಾಠ ಹೇಳಿದವರು ಯಾರು? ಪಾಕಿಸ್ತಾನದ ನಿರಾಶ್ರಿತರ ಶಿಬಿರಗಳಲ್ಲಿ ಬೆಳೆದು ಮುಲ್ಲಾಗಳಿಂದ ಕಲಿತವರು ಎಂದು ಒಂದೆರಡು ವಾಕ್ಯಗಳಲ್ಲಿ ಹೇಳಿ ಲೇಖಕರು ಮುಂದೆ ಹೋಗಿಬಿಡುತ್ತಾರೆ. 1980ರ ದಶಕದಲ್ಲಿ ಅಮೆರಿಕ ಸರಕಾರದ ಹಣದಿಂದ, ಅಲ್ಲಿನ ನೆಬ್ರಾಸ್ಕಾ ವಿಶ್ವವಿದ್ಯಾನಿಲಯದ ಮೂಲಕ, ಅಫ್ಘಾನ್ ಮಕ್ಕಳಿಗೆಂದೇ ಪಠ್ಯಪುಸ್ತಕಗಳು ಸಿದ್ಧವಾಗಿದ್ದವು. ಅವುಗಳಲ್ಲಿ ಅಕ್ಷರ ಕಲಿಸಲು ಬಂದೂಕು, ಲೆಕ್ಕ ಕಲಿಸಲು ಗುಂಡು. ಎರಡಕ್ಕೆ ಎರಡು ಕೂಡಿಸಲು ಹುಣಸೆಬೀಜ ಎಣಿಸಿ ಕಲಿಸಿದ ನನ್ನಂಥವಳಿಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಇಷ್ಟು ದೊಡ್ಡ ಕಾದಂಬರಿಯಲ್ಲಿ ಅಂಥ ಒಂದು ತರಗತಿಗೂ ಜಾಗವಿರಬೇಕಿತ್ತು.

ಓದು ಬಂದರೆ ಎಲ್ಲವೂ ಸರಿಯಾಗುತ್ತದೆ ಎಂದು ನಾವು ಮೇಷ್ಟ್ರುಗಳು, ಟೀಚರುಗಳು ಹೇಳುತ್ತ ಬಂದಿದ್ದೇವೆ. 2016ರಲ್ಲಿ ನಮ್ಮ ನೆರೆಯ ಕಾಸರಗೋಡು ಜಿಲ್ಲೆಯ ತೃಕ್ಕರಿಪುರ, ಪಡನ್ನ ಕಡೆಯಿಂದ ಕೆಲವರು ಹೆಂಡತಿ ಮಕ್ಕಳೊಂದಿಗೆ ಅಫ್ಘಾನಿಸ್ತಾನದ ನಂಗರ್‌ಹಾರ್‌ಗೆ ಹೋಗಿ, ತಾಲಿಬಾನಿಗೂ ವೈರಿಯಾದ ಐಸಿಸ್ ಪಂಗಡವನ್ನು ಸೇರಿದರು. ಅವರಲ್ಲಿ ವೈದ್ಯರಿದ್ದರು, ಎಂಜಿನಿಯರಿದ್ದರು. ಅದೇ ಜಿಲ್ಲೆಯ ಬೇಳದ ಕ್ರೈಸ್ತ ಸನ್ಯಾಸಿನಿಯೊಬ್ಬರು ಕಾಬೂಲಿನಲ್ಲಿ ಬುದ್ಧಿಮಾಂದ್ಯ ಮಕ್ಕಳ ಸೇವೆ ಮಾಡುತ್ತಿದ್ದು, 2021ರ ಆಗಸ್ಟಿನಲ್ಲಿ ಎಲ್ಲವನ್ನೂ ಬಿಟ್ಟು ಬರಬೇಕಾಯಿತು. ಓದಿದವರೇ ಎರಡೂ ದಾರಿ ಹಿಡಿದರು. ಆದ್ದರಿಂದ ಶಾಲೆ ಇದೆಯೇ ಎಂದು ಕೇಳಿದರೆ ಸಾಲದು, ಅಲ್ಲಿ ಏನು ಕಲಿಸುತ್ತಾರೆ ಎಂದೂ ಕೇಳಬೇಕು.

ಕಾದಂಬರಿ ಮುಗಿಯುವುದು 2003ರಲ್ಲಿ. ಲೈಲಾ ಕಾಬೂಲಿಗೆ ಮರಳಿ ಅದೇ ಅನಾಥಾಲಯದಲ್ಲಿ ಟೀಚರ್ ಆಗುತ್ತಾಳೆ. ಈಗ ಪರದೆ ಎಳೆಯಬೇಕಾಗಿಲ್ಲ. 2021ರ ಆಗಸ್ಟ್ 15ರಂದು ತಾಲಿಬಾನ್ ಮತ್ತೆ ಕಾಬೂಲನ್ನು ಹಿಡಿಯಿತು. 2022ರ ಮಾರ್ಚ್ 23ರಂದು ಹೈಸ್ಕೂಲಿಗೆ ಬಂದ ಹುಡುಗಿಯರನ್ನು ಅದೇ ದಿನ ಮನೆಗೆ ಕಳುಹಿಸಿದರು. ಆರನೆಯ ತರಗತಿಯ ಮೇಲೆ ಹುಡುಗಿಯರಿಗೆ ಶಾಲೆ ಇಲ್ಲ. ಆ ವರ್ಷದ ಡಿಸೆಂಬರಿನಲ್ಲಿ ವಿಶ್ವವಿದ್ಯಾನಿಲಯಗಳೂ ಮುಚ್ಚಿದವು. ಹಾಗಾದರೆ ಕಾದಂಬರಿಯ ಕೊನೆ ಸುಳ್ಳಾಯಿತೆ ಎಂದು ಕೆಲವರು ಕೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಆ ಇಪ್ಪತ್ತು ವರ್ಷಗಳಲ್ಲಿ ಲೈಲಾಳಂಥ ಟೀಚರುಗಳ ಕೈಯಲ್ಲಿ ಕಲಿತ ಹುಡುಗಿಯರು ಈಗ ತಾಯಂದಿರಾಗಿದ್ದಾರೆ. ಕಿಟಕಿಯ ಪರದೆ ಎಳೆದು ಮಗಳಿಗೆ ಪಾಠ ಹೇಳಿಕೊಡಲು ಜಮಾನ್ ಒಬ್ಬನೇ ಇದ್ದ ಕಾಲ ಅದಲ್ಲ. ಈ ಪುಸ್ತಕವನ್ನು ಈಗ ಓದುವವರು ಕೊನೆಯ ಅಧ್ಯಾಯವನ್ನು ಬಿಡಬಾರದು.