ಏಳು ತಂತಿಗಳ ಚೌಡಯ್ಯನವರು

ಪಾಶ್ಚಾತ್ಯರು ಚೆಲ್ಲೋ ವಾದ್ಯದ ಗಂಭೀರ ನಾದವನ್ನು ಕೊಂಡಾಡುವಾಗ ನಮಗೆ ನೆನಪಾಗತಕ್ಕವರು, 1895ರಲ್ಲಿ ತಿರುಮಕೂಡಲಿನಲ್ಲಿ ಜನಿಸಿ, ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಪಳಗಿ, ಪಿಟೀಲನ್ನೇ ಜೀವಿತವನ್ನಾಗಿಸಿಕೊಂಡ ಟಿ. ಚೌಡಯ್ಯನವರು. ಧ್ವನಿವರ್ಧಕವಿಲ್ಲದ ಆ ಕಾಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ನಾದವು ಮುಟ್ಟಲೆಂದು, ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಕೂಡಿಸಿ, ಒಂದೇ ಕಮಾನಿನ ಎಳೆತಕ್ಕೆ ಎರಡು ಸ್ಥಾಯಿಗಳು ಜೊತೆಯಾಗಿ ಮೊಳಗುವಂತೆ ಅವರು ಮಾಡಿದ ಏರ್ಪಾಡು, ಶ್ರುತಿ ಕೂಡಿಸುವ ಶ್ರಮವನ್ನು ಹೆಚ್ಚಿಸಿತಾದರೂ, ಆ ಪುಟ್ಟ ವಾದ್ಯಕ್ಕೆ ಮಂದ್ರದ ಘನತೆಯನ್ನು ತಂದಿತು. ಇದು ಚಮತ್ಕಾರವಲ್ಲ, ಸಾಧನೆ. ಚೆಂಬೈ ವೈದ್ಯನಾಥ ಭಾಗವತರಂತಹ ಘಟಾನುಘಟಿಗಳಿಗೆ ಪಕ್ಕವಾದ್ಯ ನುಡಿಸಿದ ಅವರಿಗೆ 1957ರಲ್ಲಿ ಸಂಗೀತ ಕಲಾನಿಧಿ ಬಿರುದು ಸಂದಿತು. 1967ರಲ್ಲಿ ಅವರು ಗತಿಸಿದರು. ಬೆಂಗಳೂರಿನಲ್ಲಿರುವ ಪಿಟೀಲಿನಾಕಾರದ ಸ್ಮಾರಕ ಭವನವನ್ನು ನೋಡುವ ಮುನ್ನ ವಾಚಕರು ಅವರ ಧ್ವನಿಮುದ್ರಿಕೆಯೊಂದನ್ನು ಕೇಳಬೇಕು.