ಸೈನಿಕರ ಭಾವಚಿತ್ರಗಳು ಮತ್ತು ಸಾಕ್ಷ್ಯವಿಮರ್ಶೆ: ನಂಜನಗೂಡು–ತಿರುಮಕೂಡಲು ನರಸೀಪುರ ಸೀಮೆಯ ದೃಷ್ಟಿಯಿಂದ

ನಾಡಿನ ಚರಿತ್ರೆಯನ್ನು ಬರೆಯುವವರು ಶಿಲಾಶಾಸನವೊಂದನ್ನು ಎದುರಿಗಿಟ್ಟುಕೊಂಡಾಗ ತೋರುವ ಎಚ್ಚರಿಕೆಯನ್ನು ಛಾಯಾಚಿತ್ರದ ವಿಷಯದಲ್ಲಿ ತೋರುವುದು ವಿರಳ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ 1894ರಷ್ಟು ಹಿಂದೆಯೇ ಅಚ್ಚಾದುವು. ವೀರಗಲ್ಲಿನ ಯೋಧನು ಯಾವ ಅರಸನ ಆಳೆಂಬುದನ್ನು, ಬರೆಹದ ಆಧಾರವಿಲ್ಲದೆ, ಅವನ ಕತ್ತಿಗುರಾಣಿಗಳನ್ನು ಮಾತ್ರ ನೋಡಿ ನಿರ್ಣಯಿಸಲು ಯಾವ ವಿದ್ವಾಂಸನೂ ಒಪ್ಪಲಾರನು. ಆದರೆ ಅದೇ ಸೀಮೆಯ ಮನೆಯೊಂದರಲ್ಲಿ ಪೇಟ ಸುತ್ತಿ, ಸೊಂಟಕ್ಕೆ ಚರ್ಮದ ಪಟ್ಟಿ ಬಿಗಿದು ನಿಂತ ಹಿರಿಯರೊಬ್ಬರ ಭಾವಚಿತ್ರವು ದೊರೆತಾಗ, ‘ಇವರು ಹೈಫಾದಲ್ಲಿ ಕಾದಿದವರು’ ಎಂಬ ಮಾತು ಸುಲಭವಾಗಿ ಹೊರಟುಬಿಡುತ್ತದೆ. ಇಂಥ ನಿರ್ಣಯಕ್ಕೆ ಚಿತ್ರವು ಎಷ್ಟರಮಟ್ಟಿಗೆ ಆಧಾರವಾಗಬಲ್ಲುದೆಂಬುದೇ ಪ್ರಸ್ತುತ ಲೇಖನದ ವಿಷಯ.

ಹೈಫಾದ ಕೀರ್ತಿಗೆ ಕಾರಣವುಂಟು. 1892ರಲ್ಲಿ ರಚಿತವಾದ ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಎಂಬ ಅಶ್ವದಳವು ಮೊದಲ ಮಹಾಯುದ್ಧದಲ್ಲಿ ಹೈದರಾಬಾದು, ಜೋಧಪುರ ಮೊದಲಾದ ಸಂಸ್ಥಾನಗಳ ದಳಗಳೊಡನೆ ಈಜಿಪ್ಟಿಗೆ ತೆರಳಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಹೈಫಾ ಪಟ್ಟಣದ ಮೇಲೆ ನುಗ್ಗಿದಾಗ, ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಮೇಲಣ ತೋಪುಗಳನ್ನು ಹಿಡಿಯಲು ಹೋದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ವಿಗ್ರಹಗಳು ಹೈದರಾಬಾದು, ಜೋಧಪುರ, ಮೈಸೂರು ದಳಗಳನ್ನು ಪ್ರತಿನಿಧಿಸುತ್ತವೆ; 2018ರಲ್ಲಿ ಆ ಚೌಕದ ಹೆಸರಿಗೆ ಹೈಫಾ ಎಂಬ ಪದವೂ ಸೇರಿತು. ಪ್ರಸಿದ್ಧಿ ಬೆಳೆದಂತೆಲ್ಲ ಹಳೆಯ ಚಿತ್ರಗಳನ್ನು ಈ ಒಂದು ಘಟನೆಗೆ ಕಟ್ಟುವ ಆಸೆಯೂ ಬೆಳೆಯುವುದು ಸಹಜವೇ. ವಿಮರ್ಶೆಯ ಅಗತ್ಯವಿರುವುದೂ ಅಲ್ಲಿಯೇ.

ಮೊದಲು ಲಾಂಛನವನ್ನು ನೋಡೋಣ. ಪೇಟದ ಮೇಲೆಯೋ ಗುಂಡಿಯ ಮೇಲೆಯೋ ಗಂಡಭೇರುಂಡವು ಕಂಡರೆ ಅದನ್ನು ಲ್ಯಾನ್ಸರ್ಸ್ ದಳದ ಗುರುತೆಂದು ತಿಳಿಯುವುದುಂಟು. ಗಂಡಭೇರುಂಡವು ಮೈಸೂರು ಸಂಸ್ಥಾನದ ಲಾಂಛನ. ಅಶ್ವದಳವಷ್ಟೇ ಅಲ್ಲದೆ ಸಂಸ್ಥಾನದ ಪದಾತಿಗಳೂ ಇತರ ಸೇವಾವರ್ಗದವರೂ ಅದರ ಆಶ್ರಯದಲ್ಲಿದ್ದವರೇ. ಆದುದರಿಂದ ಅದು ಒಡೆಯನನ್ನು ಸೂಚಿಸುತ್ತದೆಯೇ ಹೊರತು ರೆಜಿಮೆಂಟನ್ನಲ್ಲ. ರೆಜಿಮೆಂಟಿನ ಹೆಸರನ್ನು ಹೇಳಬಲ್ಲುದು ಹೆಗಲಪಟ್ಟಿಯ ತುದಿಯಲ್ಲಿರುವ ಹಿತ್ತಾಳೆಯ ಅಕ್ಷರಗಳು. ಯುದ್ಧಭೂಮಿಯ ಖಾಕಿಯಲ್ಲಿ ಬೇರೆಬೇರೆ ಸಂಸ್ಥಾನಗಳ ಸವಾರರು ಒಬ್ಬರನ್ನೊಬ್ಬರು ಹೋಲುತ್ತಿದ್ದುದರಿಂದ ಈ ಅಕ್ಷರಗಳ ಬೆಲೆ ಇನ್ನೂ ಹೆಚ್ಚು. ಭೂತಗನ್ನಡಿಯಿಂದ ಅವುಗಳಲ್ಲಿ ಎರಡನ್ನಾದರೂ ಓದಲು ಸಾಧ್ಯವಾದರೆ, ಉಳಿದ ಹತ್ತು ಊಹೆಗಳಿಗಿಂತ ಅದೇ ಮೇಲು.

ಎರಡನೆಯದು ಶಬ್ದದಿಂದ ಹುಟ್ಟುವ ಭ್ರಾಂತಿ. ಚಿತ್ರದ ಕೆಳಗೆ ‘ದಫೇದಾರ್’ ಎಂದು ಬರೆದಿದ್ದರೆ ಅದನ್ನು ಅಶ್ವದಳದ ಹುದ್ದೆಯೆಂದು ಹೇಳಲು ಮನಸ್ಸಾಗುತ್ತದೆ. ಅಶ್ವದಳದಲ್ಲಿ ದಫೇದಾರನೆಂದರೆ ಪದಾತಿಯ ಹವಾಲ್ದಾರನಿಗೆ ಸಮನಾದವನೆಂಬುದು ನಿಜ. ಆದರೆ ನಮ್ಮ ಕಡೆ ಅಧಿಕಾರಿಗಳ ಕಚೇರಿಯಲ್ಲಿ ಪೇಟ ಧರಿಸಿ, ಎದೆಗೆ ಅಡ್ಡಲಾಗಿ ಡವಾಲಿಯನ್ನೂ ಹಿತ್ತಾಳೆ ಬಿಲ್ಲೆಯನ್ನೂ ತೊಟ್ಟು ನಿಲ್ಲುವವನೂ ದಫೇದಾರನೇ. ಡವಾಲಿಯನ್ನು ಸೈನಿಕನ ತೋಟಾಪಟ್ಟಿಯೆಂದು ಗ್ರಹಿಸಿದರೆ ಕಚೇರಿಯ ನೌಕರನು ಕ್ಷಣಮಾತ್ರದಲ್ಲಿ ಕಾರ್ಮೆಲ್ ಬೆಟ್ಟವನ್ನೇರಿಬಿಡುತ್ತಾನೆ! ತೋಟಾಪಟ್ಟಿಯಲ್ಲಿ ಸಣ್ಣ ಚರ್ಮದ ಚೀಲಗಳು ಸಾಲಾಗಿರುತ್ತವೆ, ಡವಾಲಿಯಲ್ಲಿ ಅವಿಲ್ಲ.

ಮೂರನೆಯದಾಗಿ, ನೋಡುವವರ ಕಣ್ಣು ಸಾಮಾನ್ಯವಾಗಿ ಮುಖ ಮತ್ತು ಪೇಟಗಳಲ್ಲಿ ನಿಂತುಬಿಡುತ್ತದೆ. ಆದರೆ ನಿರ್ಣಾಯಕವಾದ ಸಾಕ್ಷ್ಯವು ಅನೇಕ ವೇಳೆ ಕಾಲಿನಲ್ಲಿರುತ್ತದೆ. ಮೊಣಕಾಲಿನಿಂದ ಕೆಳಗೆ ಸುತ್ತುವ ಬಟ್ಟೆಯ ಪಟ್ಟಿಯನ್ನು ಪದಾತಿಗಳು ಕೆಳಗಿನಿಂದ ಮೇಲಕ್ಕೆ ಸುತ್ತಿ ಮೊಣಕಾಲಿನ ಬಳಿ ಕಟ್ಟುತ್ತಿದ್ದರು; ಸವಾರರು ಮೇಲಿನಿಂದ ಕೆಳಕ್ಕೆ ಸುತ್ತಿ ಹರಡಿನ ಬಳಿ ಕಟ್ಟುತ್ತಿದ್ದರು. ಹಿಮ್ಮಡಿಯಲ್ಲಿ ಕುದುರೆಯನ್ನು ತಿವಿಯುವ ಮುಳ್ಳು ಇದ್ದರೆ ಸಂದೇಹವು ಮತ್ತಷ್ಟು ಕಡಿಮೆಯಾಗುತ್ತದೆ. ಇವು ದಳದ ಹೆಸರನ್ನು ಹೇಳದಿದ್ದರೂ ಚಿತ್ರದಲ್ಲಿರುವವನು ಸವಾರನೋ ಕಾಲಾಳೋ ಎಂಬುದನ್ನು ತಿಳಿಸುತ್ತವೆ. ಅಂತೆಯೇ ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದರಾಸು ಸ್ಯಾಪರ್ಸ್ ದಳದವರನ್ನು, ಬೇರೆಯವರ ಪೇಟಕ್ಕಿಂತ ಭಿನ್ನವಾದ ಅವರ ಎತ್ತರದ ಶಿರೋವೇಷದಿಂದ ಗುರುತಿಸಬಹುದು. ಮೈಸೂರು ಸೀಮೆಯ ಯೋಧರೆಲ್ಲರೂ ಸಂಸ್ಥಾನದ ಸೈನ್ಯಕ್ಕೇ ಸೇರಿದವರಲ್ಲವೆಂಬುದನ್ನು ಇದು ನೆನಪಿಸುತ್ತದೆ.

ಚಿತ್ರವೆಂಬ ಮಾಧ್ಯಮದ ಸ್ವಭಾವವನ್ನೂ ಇಲ್ಲಿ ವಿಚಾರಿಸಬೇಕು. ಹಳೆಯ ಛಾಯಾಚಿತ್ರದ ಫಲಕಗಳು ನೀಲಿಯನ್ನು ಬಲವಾಗಿಯೂ ಕೆಂಪನ್ನು ಅತ್ಯಲ್ಪವಾಗಿಯೂ ಗ್ರಹಿಸುತ್ತಿದ್ದುವು. ಆದುದರಿಂದ ಕಡುಗೆಂಪು ಅಂಗಿಯು ಚಿತ್ರದಲ್ಲಿ ಕಪ್ಪಾಗಿಯೂ ನೀಲಿ ಬಟ್ಟೆಯು ಬಿಳಿಚಿಕೊಂಡೂ ಕಾಣುವುದು ಸಾಧ್ಯ. ಕಪ್ಪುಬಿಳುಪಿನ ಛಾಯೆಯಿಂದ ಬಣ್ಣವನ್ನೂ, ಬಣ್ಣದಿಂದ ರೆಜಿಮೆಂಟನ್ನೂ ಅನುಮಾನಿಸುವ ಕ್ರಮವು ಇದರಿಂದ ಬುಡದಲ್ಲಿಯೇ ಸಡಿಲವಾಗುತ್ತದೆ. ಇನ್ನು ಕೆಲವು ಪ್ರತಿಗಳು ಎಡಬಲ ತಿರುವಿ ಅಚ್ಚಾಗಿರುತ್ತವೆ. ಪದಕಗಳು ಎದೆಯ ಎಡಭಾಗದಲ್ಲಿರಬೇಕು. ಅಂಗಿಯ ಎಡಮಗ್ಗುಲು ಬಲಮಗ್ಗುಲಿನ ಮೇಲೆ ಬರಬೇಕು. ಇವೆರಡೂ ವ್ಯತ್ಯಾಸವಾಗಿದ್ದರೆ ತಪ್ಪಿರುವುದು ಚಿತ್ರದ ಪ್ರತಿ, ಸಿಪಾಯಿಯ ಉಡುಪಲ್ಲ. ಭಾವಚಿತ್ರವನ್ನು ಅಂಗಡಿಯಲ್ಲಿ ತೆಗೆಸುವಾಗ ಕೈಯಲ್ಲಿ ಹಿಡಿದ ಕತ್ತಿಯು ಅಂಗಡಿಯವನದೇ ಆಗಿರಬಹುದೆಂಬುದನ್ನೂ ಮರೆಯಲಾಗದು.

ಕಾಲನಿರ್ಣಯಕ್ಕೆ ಕೆಲವು ಗಟ್ಟಿಯಾದ ಮೇರೆಗಳಿವೆ. ಭುಜದ ಮೇಲೆ ಅಶೋಕನ ಸಿಂಹಗಳಿದ್ದರೆ ಚಿತ್ರವು 1950ರ ಜನವರಿಗಿಂತ ಹಿಂದಿನದಾಗಲಾರದು. ಸಂಸ್ಥಾನಗಳು ವಿಲೀನವಾದ ಮೇಲೆ ಮೈಸೂರಿನ ಸವಾರರಲ್ಲಿ ಕೆಲವರು 1953ರಲ್ಲಿ ರಚಿತವಾಗಿ ಮುಂದೆ 61ನೆಯ ಕ್ಯಾವಲ್ರಿ ಎಂದು ಹೆಸರಾದ ರೆಜಿಮೆಂಟಿಗೆ ಸೇರಿದರು. ಪದಾತಿಯಿಂದ ಮದರಾಸು ರೆಜಿಮೆಂಟಿನ 18ನೆಯ ಬೆಟಾಲಿಯನ್ನು ಮೈಸೂರು ಎಂಬ ಹೆಸರಿನೊಡನೆ ಉಳಿಯಿತು. 1918ರ ಅನಂತರ ಸೇರಿದ ಸವಾರನೂ ಲ್ಯಾನ್ಸರ್ಸ್ ದಳದವನೇ ಸರಿ. ಆದರೆ ಅವನು ಹೈಫಾವನ್ನು ಕಂಡವನಲ್ಲ.

ಇದರಿಂದ ಸಿದ್ಧವಾಗುವುದಿಷ್ಟು. ಒಡೆಯ, ಸೇನೆಯ ಅಂಗ, ರೆಜಿಮೆಂಟು, ಯುದ್ಧ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಉಡುಪು ನಮ್ಮನ್ನು ಹೆಚ್ಚೆಂದರೆ ಮೂರನೆಯದರವರೆಗೆ ಕೊಂಡೊಯ್ಯಬಲ್ಲುದು. ನಾಲ್ಕನೆಯದಕ್ಕೆ ಬೇರೆ ಸಾಕ್ಷ್ಯ ಬೇಕು. ಮನೆಯ ಪೆಟ್ಟಿಗೆಯಲ್ಲಿ ಪದಕವೇನಾದರೂ ಉಳಿದಿದ್ದರೆ, ಭಾವಚಿತ್ರಕ್ಕಿಂತ ಮೊದಲು ಅದನ್ನು ಕೈಗೆತ್ತಿಕೊಳ್ಳಬೇಕು. ಮೊದಲ ಮಹಾಯುದ್ಧದ ಪದಕಗಳ ಅಂಚಿನಲ್ಲಿ, ನಕ್ಷತ್ರದ ಆಕಾರದ ಪದಕವಾದರೆ ಅದರ ಹಿಂಬದಿಯಲ್ಲಿ, ಪಡೆದವನ ಹೆಸರು ಮತ್ತು ದಳಗಳನ್ನು ಒತ್ತಿರುತ್ತಾರೆ. ಬ್ರಿಟಿಷ್ ಯುದ್ಧಪದಕವನ್ನು ಹೋರಾಡಿದವರಿಗೆ ಬೆಳ್ಳಿಯಲ್ಲಿಯೂ ಕೂಲಿದಳ ಮೊದಲಾದುವುಗಳವರಿಗೆ ಕಂಚಿನಲ್ಲಿಯೂ ಕೊಟ್ಟರು. ಲೋಹವೂ ಇಲ್ಲಿ ಮಾತನಾಡುತ್ತದೆ.

ಮನೆಯವರ ಅಭಿಮಾನವನ್ನು ಕುಗ್ಗಿಸುವುದು ಇಂಥ ಪರೀಕ್ಷೆಯ ಉದ್ದೇಶವಲ್ಲ. ಮೈಸೂರಿನ ಸಾರಿಗೆ ದಳದವರು ಅದೇ ಯುದ್ಧದಲ್ಲಿ ಮೆಸೊಪೊಟೇಮಿಯಾದಲ್ಲಿ ದುಡಿದರು; ಎರಡನೆಯ ಮಹಾಯುದ್ಧದಲ್ಲಿ ಮೈಸೂರು ಪದಾತಿಯವರು 1942ರ ಫೆಬ್ರವರಿಯಲ್ಲಿ ಸಿಂಗಪುರದ ಪತನದೊಡನೆ ಜಪಾನೀಯರ ಸೆರೆಯಾದರು. ಇವರಿಗೆ ತೀನ್ ಮೂರ್ತಿಯಂಥ ಪ್ರಸಿದ್ಧಿ ದೊರೆಯಲಿಲ್ಲ. ಅವರಲ್ಲೊಬ್ಬನ ಭಾವಚಿತ್ರದ ಕೆಳಗೆ ಹೈಫಾ ಎಂದು ಬರೆದರೆ ಆತನಿಗೆ ಇಲ್ಲದ ಗೌರವವೊಂದು ಸೇರಿದಂತೆ ತೋರುತ್ತದೆ. ಆದರೆ ಆತನು ನಿಜವಾಗಿ ಪಟ್ಟ ಪಾಡನ್ನು ಹೇಳುವ ಕೊನೆಯ ದಾಖಲೆಯೇ ಅಳಿಸಿಹೋಗುತ್ತದೆ. ಈ ಎರಡು ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ಊರಿನ ಇಂಥ ಚಿತ್ರಗಳನ್ನು ಮೇಲೆ ಹೇಳಿದ ಕ್ರಮದಲ್ಲಿ ಪರಿಶೀಲಿಸಿ, ಚಿತ್ರದ ಹಿಂಬದಿಯ ಬರೆಹವನ್ನೂ ಅಂಗಡಿಯ ಮುದ್ರೆಯನ್ನೂ ಪದಕದ ಅಂಚನ್ನೂ ನಕಲು ಮಾಡಿಕೊಂಡರೆ, ಶಾಸನಸಂಗ್ರಹಕ್ಕೆ ಸಮನಾದ ಸೇವೆಯೊಂದು ಸಂದಂತಾಗುವುದು.