ಕಾರ್ಡೇಟ, ನಾನ್‌ಕಾರ್ಡೇಟ: ಪಠ್ಯಪುಸ್ತಕದ ಗೆರೆ ಎಷ್ಟು ಸರಿ?

ಪ್ರಥಮ ಪಿಯುಸಿ ತರಗತಿಗಳಲ್ಲಿ ಬಳಕೆಯಲ್ಲಿರುವ ಎನ್‌ಸಿಇಆರ್‌ಟಿ ಜೀವಶಾಸ್ತ್ರ ಪಠ್ಯ ಮೊದಲು ಪ್ರಕಟವಾದದ್ದು 2006ರಲ್ಲಿ. ಅದರ ಪ್ರಾಣಿ ಸಾಮ್ರಾಜ್ಯದ ಅಧ್ಯಾಯ ಸ್ಪಂಜುಗಳಿಂದ ಹಿಡಿದು ಸಸ್ತನಿಗಳವರೆಗೆ 11 ವಂಶಗಳನ್ನು ಕೆಲವೇ ಪುಟಗಳಲ್ಲಿ ಪರಿಚಯಿಸುತ್ತದೆ. ನಿರೂಪಣೆ ಅಡಕವಾಗಿದೆ. ಪ್ರತಿ ವಂಶಕ್ಕೂ ಲಕ್ಷಣಗಳೂ ಉದಾಹರಣೆಗಳೂ ಇವೆ. ಹಿಂದೆ ಕಾರ್ಡೇಟುಗಳ ಉಪವಂಶವೆಂದು ಎಣಿಸುತ್ತಿದ್ದ ಹೆಮಿಕಾರ್ಡೇಟುಗಳನ್ನು ಈಗ ಸ್ವತಂತ್ರ ವಂಶವಾಗಿ ಇಡಲಾಗಿದೆ ಎಂಬುದನ್ನೂ ಅದು ದಾಖಲಿಸುತ್ತದೆ. ಇಷ್ಟನ್ನು ಮೆಚ್ಚಲೇಬೇಕು.

ತೊಡಕು ಎದುರಾಗುವುದು ಕೊನೆಯ ಮೂರು ವಂಶಗಳಲ್ಲಿ. ಕಂಟಕಚರ್ಮಿಗಳು ಮತ್ತು ಹೆಮಿಕಾರ್ಡೇಟುಗಳು 'ನಾನ್‌ಕಾರ್ಡೇಟ' ಎಂಬ ದೊಡ್ಡ ಚೀಲಕ್ಕೆ ಸೇರುತ್ತವೆ. ಕಾರ್ಡೇಟುಗಳು ಬೇರೆಯಾಗಿ ನಿಲ್ಲುತ್ತವೆ. ಹೀಗಾಗಿ ನಕ್ಷತ್ರ ಮೀನು, ಎರೆಹುಳು, ಲೋಳೆಮೀನು ಒಂದು ಕಡೆ. ಕಪ್ಪೆ, ಕಾಗೆ, ಮನುಷ್ಯ ಇನ್ನೊಂದು ಕಡೆ. ಈವರೆಗಿನ ಬಹುಪಾಲು ಅಧ್ಯಯನಗಳ ಪ್ರಕಾರ ನಕ್ಷತ್ರ ಮೀನು ಎರೆಹುಳುವಿಗಿಂತ ನಮಗೇ ಹತ್ತಿರದ ಸಂಬಂಧಿ. ಈ ಗೆರೆಯನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗೆ ಅಂಕ ಸಿಗುತ್ತದೆ. ಆದರೆ ವರ್ಗೀಕರಣವೆಂದರೆ ಸಂಬಂಧಗಳ ಹುಡುಕಾಟ ಎಂಬ ಮೂಲ ವಿಚಾರ ಅವನ ಕೈತಪ್ಪಿ ಹೋಗುತ್ತದೆ. ಈ ಲೇಖನದ ಆಕ್ಷೇಪ ಇಷ್ಟೇ: ಒಂದು ಲಕ್ಷಣ 'ಇಲ್ಲ' ಎಂಬ ಕಾರಣಕ್ಕೆ ಕಟ್ಟಿದ ಗುಂಪು ಸಂಬಂಧವನ್ನು ತೋರಿಸುವುದಿಲ್ಲ, ಮರೆಮಾಡುತ್ತದೆ.

ಎರಡನೆಯ ಬಾಯಿಯ ಕಥೆ

ಕಂಟಕಚರ್ಮಿಗಳು, ಹೆಮಿಕಾರ್ಡೇಟುಗಳು, ಕಾರ್ಡೇಟುಗಳು ಸೇರಿದ ಗುಂಪಿಗೆ ಡ್ಯೂಟರೋಸ್ಟೋಮ್‌ಗಳು ಎಂದು ಹೆಸರು. 'ಎರಡನೆಯ ಬಾಯಿ' ಎಂಬುದು ಇದರ ಅರ್ಥ. ಭ್ರೂಣದಲ್ಲಿ ಮೊದಲು ಮೂಡುವ ರಂಧ್ರ ಗುದದ್ವಾರದ ಕಡೆಗೆ ಉಳಿದು, ಬಾಯಿ ಬೇರೆಡೆ ಹೊಸದಾಗಿ ತೆರೆದುಕೊಳ್ಳುವುದರಿಂದ ಈ ಹೆಸರು ಬಂತು. ಇದನ್ನೂ ಇದರ ಜೋಡಿಯಾದ ಪ್ರೋಟೋಸ್ಟೋಮ್ ಎಂಬ ಹೆಸರನ್ನೂ ಬಳಕೆಗೆ ತಂದವರು ಕಾರ್ಲ್ ಗ್ರೊಬೆನ್, 1908ರಲ್ಲಿ.

ಪದವಿ ತರಗತಿಗಳ ಪುಸ್ತಕಗಳು ಇದಕ್ಕೊಂದು ಕೋಷ್ಟಕ ಕೊಡುತ್ತವೆ: ಡ್ಯೂಟರೋಸ್ಟೋಮ್‌ಗಳಲ್ಲಿ ಭ್ರೂಣಕೋಶಗಳ ವಿದಳನ ಅರೀಯವಾಗಿರುತ್ತದೆ, ಮೊದಲ ರಂಧ್ರ ಗುದವಾಗುತ್ತದೆ, ದೇಹಕುಹರವು ಆದಿಮ ಕರುಳಿನಿಂದ ಚೀಲಗಳಂತೆ ಉಬ್ಬಿ ಉಂಟಾಗುತ್ತದೆ. ಕಡಲ ತಳದ ಮುಳ್ಳುಚೆಂಡಿನಂಥ ಸೀ ಅರ್ಚಿನ್ನಿಗೆ ಈ ಮೂರೂ ಚೆನ್ನಾಗಿ ಹೊಂದುತ್ತವೆ. ಕೋಳಿಮೊಟ್ಟೆಯನ್ನು ತೆಗೆದುಕೊಳ್ಳಿ. ಅಲ್ಲಿ ವಿದಳನ ಹಳದಿ ಭಾಗದ ಮೇಲಿನ ಪುಟ್ಟ ಬಿಲ್ಲೆಯೊಂದರಲ್ಲಿ ಮಾತ್ರ ನಡೆಯುತ್ತದೆ. ದೇಹಕುಹರವೂ ಕರುಳಿನ ಚೀಲಗಳಿಂದ ಬರದೆ ಮಧ್ಯಪದರ ಸೀಳಿ ಉಂಟಾಗುತ್ತದೆ. ಕೋಷ್ಟಕವನ್ನು ಅಕ್ಷರಶಃ ನಂಬಿದರೆ ಕೋಳಿಯೇ ಗುಂಪಿನಿಂದ ಹೊರಬೀಳಬೇಕಾಗುತ್ತದೆ!

ಇದರ ವಿರುದ್ಧ ದಿಕ್ಕಿನ ಉದಾಹರಣೆಯೂ ಇದೆ. ಪ್ರಿಯಾಪುಲಸ್ ಎಂಬ ಕಡಲ ಹುಳು ಕೀಟಗಳು ಮತ್ತು ದುಂಡುಹುಳುಗಳಿರುವ ಶಾಖೆಗೆ ಸೇರಿದ್ದು. ಅದರ ಭ್ರೂಣದಲ್ಲಿ ಮೊದಲ ರಂಧ್ರದ ಜಾಗದಲ್ಲಿ ಗುದವೇ ಉಂಟಾಗುತ್ತದೆಂದು 2012ರ ಅಧ್ಯಯನ ತೋರಿಸಿತು. ಅಂದರೆ ಗುಂಪಿಗೆ ಹೆಸರು ಕೊಟ್ಟ ಲಕ್ಷಣವೇ ಆ ಗುಂಪಿನ ಸೊತ್ತಲ್ಲ. ಹೆಸರನ್ನು ಉಳಿಸಿಕೊಳ್ಳೋಣ, ತೊಂದರೆಯಿಲ್ಲ. ಆದರೆ ಹೆಸರಿನ ಅರ್ಥವನ್ನೇ ಪುರಾವೆ ಎಂದು ಬೋಧಿಸಬಾರದು.

ಗುರುತು ತಪ್ಪಿದ ಪ್ರಾಣಿಗಳು

ಹೊರನೋಟ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಈ ಗುಂಪಿನ ಚರಿತ್ರೆಯೇ ಸಾಕ್ಷಿ. ಆಂಫಿಯಾಕ್ಸಸ್ಸನ್ನು 1774ರಲ್ಲಿ ಮೊದಲು ವರ್ಣಿಸಿದ ಪಲ್ಲಾಸ್ ಅದನ್ನು ಚಿಪ್ಪಿಲ್ಲದ ಬಸವನಹುಳು ಎಂದುಕೊಂಡರು. 1825ರಲ್ಲಿ ಟೈಕೊಡೆರಾ ಎಂಬ ಹೆಮಿಕಾರ್ಡೇಟನ್ನು ವಿವರಿಸಿದ ಎಶ್‌ಶೋಲ್ಟ್ಸ್‌ಗೆ ಅದು ಕಡಲ ಸೌತೆಯಂತೆ ಕಂಡಿತು. ಬಂಡೆಗೆ ಅಂಟಿ ಕುಳಿತು ನೀರನ್ನು ಸೋಸುವ ಅಸಿಡಿಯನ್‌ಗಳನ್ನು ಕ್ಯುವಿಯೇ ಮೃದ್ವಂಗಿಗಳ ಸಾಲಿಗೆ ಸೇರಿಸಿದ್ದರು.

ಈ ಗೊಂದಲವನ್ನು ಬಿಡಿಸಿದ್ದು ಭ್ರೂಣ ಮತ್ತು ಡಿಂಭಗಳ ಅಧ್ಯಯನ. ರಷ್ಯದ ಅಲೆಕ್ಸಾಂಡರ್ ಕೊವಲೆವ್‌ಸ್ಕಿ 1866ರಲ್ಲಿ ಅಸಿಡಿಯನ್ನಿನ ಡಿಂಭವನ್ನು ಪರೀಕ್ಷಿಸಿ, ಗೊದಮೊಟ್ಟೆಯಂಥ ಅದರ ಬಾಲದಲ್ಲಿ ನೋಟೊಕಾರ್ಡ್ ಇರುವುದನ್ನೂ ಬೆನ್ನಿನ ಕಡೆ ನರನಾಳ ಇರುವುದನ್ನೂ ತೋರಿಸಿದರು. ಡಿಂಭ ಈಜುವುದು ಅಲ್ಪಕಾಲ ಮಾತ್ರ. ಅದು ಬಂಡೆಗೆ ಅಂಟಿಕೊಂಡ ಮೇಲೆ ಬಾಲ ಕರಗುತ್ತದೆ, ಅದರೊಂದಿಗೆ ನೋಟೊಕಾರ್ಡೂ ಹೋಗುತ್ತದೆ. ಪ್ರೌಢಜೀವಿಯನ್ನು ಮಾತ್ರ ನೋಡಿದವರಿಗೆ ಸಂಬಂಧ ಗೊತ್ತಾಗುವುದು ಹೇಗೆ? 1871ರಲ್ಲಿ ಪ್ರಕಟವಾದ ಮಾನವನ ಮೂಲದ ಕುರಿತ ತನ್ನ ಗ್ರಂಥದಲ್ಲಿ ಡಾರ್ವಿನ್ ಈ ಶೋಧವನ್ನು ವಿಶೇಷವಾಗಿ ಚರ್ಚಿಸಿದ್ದಾನೆ.

ಹೆಮಿಕಾರ್ಡೇಟುಗಳ ಕಥೆಯೂ ಇಂಥದೇ. ಬಲನೊಗ್ಲಾಸಸ್ಸಿನ ಟೊರ್ನೇರಿಯಾ ಡಿಂಭವನ್ನು ಮೊದಲು ಕಂಡ ಯೊಹಾನೆಸ್ ಮ್ಯುಲರ್ ಅದನ್ನು ನಕ್ಷತ್ರ ಮೀನಿನ ಬಳಗದ ಡಿಂಭವೆಂದೇ ತಿಳಿದರು. ಅದು ಬಲನೊಗ್ಲಾಸಸ್ಸಿನದೆಂದು ತೋರಿಸಿದ ಮೆಚ್ನಿಕಾಫ್, ಕಂಟಕಚರ್ಮಿಗಳನ್ನೂ ಈ ಹುಳುಗಳನ್ನೂ ಕೂಡಿಸಿ 1881ರಲ್ಲಿ ಆಂಬುಲಕ್ರೇರಿಯಾ ಎಂಬ ಗುಂಪನ್ನು ಸೂಚಿಸಿದರು. ಅದೇ ದಶಕದಲ್ಲಿ ಬೇಟ್‌ಸನ್, ಕಿವಿರು ಸೀಳುಗಳನ್ನೂ ಸೊಂಡಿಲಿನ ಬುಡದ ಗಟ್ಟಿ ಚಾಚನ್ನೂ ನೋಡಿ ಇವನ್ನು ಕಾರ್ಡೇಟುಗಳಿಗೆ ಸೇರಿಸಿದರು. ಆ ಚಾಚೇ ಇಂದಿನ ಪುಸ್ತಕಗಳ ಸ್ಟೊಮೊಕಾರ್ಡ್. ಅದು ನೋಟೊಕಾರ್ಡ್ ಅಲ್ಲವೆಂಬ ಅಭಿಪ್ರಾಯ ಬಲವಾದಾಗ ಹೆಮಿಕಾರ್ಡೇಟುಗಳು ಹೊರಬಿದ್ದವು.

ಹೊರಬಿದ್ದದ್ದು ಸರಿ. ಆದರೆ ಬಿದ್ದದ್ದು ಎಲ್ಲಿಗೆ? 'ನಾನ್‌ಕಾರ್ಡೇಟ'ದ ಚೀಲಕ್ಕೆ. ನಿಜವಾಗಿ ಹೋಗಬೇಕಾದದ್ದು ಮೆಚ್ನಿಕಾಫ್ ಹೇಳಿದ ಜಾಗಕ್ಕೆ, ಅಂದರೆ ಕಂಟಕಚರ್ಮಿಗಳ ಪಕ್ಕಕ್ಕೆ. ಇತ್ತೀಚಿನ ಜೀನೋಮ್ ಅಧ್ಯಯನಗಳು ಆಂಬುಲಕ್ರೇರಿಯಾವನ್ನು ಗಟ್ಟಿಯಾಗಿ ಸಮರ್ಥಿಸಿವೆ. ಎರಡು ಹೆಮಿಕಾರ್ಡೇಟುಗಳ ಜೀನೋಮನ್ನು ಓದಿದ 2015ರ ಅಧ್ಯಯನ, ಕಿವಿರು ಸೀಳುಗಳ ಬೆಳವಣಿಗೆಗೆ ಸಂಬಂಧಿಸಿದ ವಂಶವಾಹಿಗಳು ಅವುಗಳಲ್ಲೂ ಕಶೇರುಕಗಳಲ್ಲೂ ಒಂದೇ ಸಾಲಿನಲ್ಲಿ ಗುಂಪಾಗಿರುವುದನ್ನು ಕಂಡಿತು. ಟೈಕೊಡೆರಾ ನಮಗೆ ದೂರದ ಪ್ರಾಣಿಯೇನಲ್ಲ. ತಮಿಳುನಾಡಿನ ಮನ್ನಾರ್ ಖಾರಿಯ ಕುರುಸಡೈ ದ್ವೀಪದ ಮರಳಿನಲ್ಲಿ ಅದು ವಾಸಿಸುತ್ತದೆ.

ಏಣಿಯಲ್ಲ, ಕೊಂಬೆ

ಎರಡನೆಯ ಆಕ್ಷೇಪ 'ಪ್ರೋಟೋಕಾರ್ಡೇಟ' ಎಂಬ ಪದದ ಬಗ್ಗೆ. ಪಠ್ಯ ಯುರೋಕಾರ್ಡೇಟ ಮತ್ತು ಸೆಫಲೋಕಾರ್ಡೇಟ ಎಂಬ ಎರಡು ಉಪವಂಶಗಳನ್ನು ಈ ಹೆಸರಿನಡಿ ಪರಿಚಯಿಸುತ್ತದೆ. ಮೊದಲ ಉಪವಂಶದ ಅಸಿಡಿಯನ್, ಆಮೇಲೆ ಎರಡನೆಯದರ ಆಂಫಿಯಾಕ್ಸಸ್, ಆಮೇಲೆ ಕಶೇರುಕ ಎಂಬ ಕ್ರಮ ಒಂದು ಏಣಿಯ ಭ್ರಮೆ ಹುಟ್ಟಿಸುತ್ತದೆ. ಮೀನಿನಾಕಾರದ ಆಂಫಿಯಾಕ್ಸಸ್ಸೇ ನಮಗೆ ಹತ್ತಿರವೆಂದು ವಿದ್ಯಾರ್ಥಿ ತಾನಾಗಿಯೇ ತೀರ್ಮಾನಿಸುತ್ತಾನೆ. ಬಹುಕಾಲ ವಿಜ್ಞಾನಿಗಳೂ ಹಾಗೆಯೇ ತಿಳಿದಿದ್ದರು. 2006ರಲ್ಲಿ, ಅಂದರೆ ಪಠ್ಯ ಪ್ರಕಟವಾದ ವರ್ಷವೇ, ಡೆಲ್‌ಸುಕ್ ಮತ್ತು ಸಂಗಡಿಗರು 146 ವಂಶವಾಹಿಗಳನ್ನು ಹೋಲಿಸಿ ಬೇರೆಯೇ ಫಲಿತಾಂಶ ಪ್ರಕಟಿಸಿದರು: ಕಶೇರುಕಗಳಿಗೆ ಅತಿ ಹತ್ತಿರದ ಜೀವಂತ ಸಂಬಂಧಿಗಳು ಅಸಿಡಿಯನ್‌ಗಳ ಬಳಗವಾದ ಟ್ಯುನಿಕೇಟುಗಳು, ಆಂಫಿಯಾಕ್ಸಸ್ ಅಲ್ಲ. ಮುಂದಿನ ಅಧ್ಯಯನಗಳೂ ಇದನ್ನೇ ಎತ್ತಿಹಿಡಿದಿವೆ.

ಇದರಿಂದ ಎರಡು ಪಾಠ ಕಲಿಯಬಹುದು. ಒಂದು, ಸರಳ ದೇಹ ಪ್ರಾಚೀನತೆಯ ಗುರುತಲ್ಲ. ಟ್ಯುನಿಕೇಟು ಸರಳವಾಗಿ ಉಳಿದದ್ದಲ್ಲ, ಸರಳವಾದದ್ದು. ತನ್ನ ಹೊದಿಕೆಗೆ ಸೆಲ್ಯುಲೋಸ್ ತಯಾರಿಸಿಕೊಳ್ಳುವ ಈ ಪ್ರಾಣಿ ತನ್ನದೇ ದಾರಿಯಲ್ಲಿ ಬಹುದೂರ ಬಂದಿದೆ. ಎರಡು, ಇಂದು ಬದುಕಿರುವ ಯಾವ ಪ್ರಾಣಿಯೂ ಇನ್ನೊಂದರ ಪೂರ್ವಜವಲ್ಲ. ಅಂಥ ಏಣಿಯಲ್ಲಿ ಕೆಳಮೆಟ್ಟಿಲು ಪಡೆಯುವ ನಕ್ಷತ್ರ ಮೀನಿಗೂ ಇದು ಅನ್ವಯಿಸುತ್ತದೆ. ಅದರ ಡಿಂಭ ದ್ವಿಪಾರ್ಶ್ವ ಸಮಮಿತಿಯದು; ಐದು ತೋಳಿನ ರೂಪ ಆಮೇಲೆ ಬಂದ ಹೊಸತನ. ದೇಹದ ಮುಂಭಾಗವನ್ನು ರೂಪಿಸುವ ವಂಶವಾಹಿಗಳೇ ನಕ್ಷತ್ರ ಮೀನಿನ ಹೊರಪದರದ ಬಹುಭಾಗದಲ್ಲಿ ಕೆಲಸ ಮಾಡುತ್ತವೆಂದು 2023ರ ಅಧ್ಯಯನ ತೋರಿಸಿದೆ. ಅದನ್ನು 'ನಡೆದಾಡುವ ತಲೆ' ಎಂದು ಕರೆದರೂ ತಪ್ಪಾಗದು.

ಕಶೇರುಕಗಳಲ್ಲೂ ಇದೇ ಸಮಸ್ಯೆ. ಪಠ್ಯದಲ್ಲಿ ದವಡೆಯುಳ್ಳ ಪ್ರಾಣಿಗಳು 'ಮೀನುಗಳು' ಮತ್ತು 'ಚತುಷ್ಪಾದಿಗಳು' ಎಂದು ಒಡೆಯುತ್ತವೆ. ಆದರೆ ಶ್ವಾಸಕೋಶವುಳ್ಳ ಲಂಗ್‌ಫಿಶ್ ಭೂತಾಯಿ ಮೀನಿಗಿಂತ ಹಸುವಿಗೆ ಹತ್ತಿರ; ಮೊಸಳೆ ಓತಿಕ್ಯಾತಕ್ಕಿಂತ ಕಾಗೆಗೆ ಹತ್ತಿರ. 'ಮೀನು', 'ಸರೀಸೃಪ' ಮಾರುಕಟ್ಟೆಗೂ ಮಾತಿಗೂ ಬೇಕಾದ ಪದಗಳು. ವಂಶವೃಕ್ಷದ ಪೂರ್ಣ ಶಾಖೆಗಳಲ್ಲ. ಹಾಗೆಂದು ಹಳೆಯದೆಲ್ಲ ತಪ್ಪೆಂದೂ ಅಲ್ಲ. ಹ್ಯಾಗ್‌ಫಿಶ್ ಮತ್ತು ಲ್ಯಾಂಪ್ರೆಗಳನ್ನು ಕೂಡಿಸಿದ ಸೈಕ್ಲೊಸ್ಟೊಮೇಟಾ ವರ್ಗವನ್ನು ಹಲವರು ಕೈಬಿಟ್ಟಿದ್ದರು. ಅಣುಜೀವಶಾಸ್ತ್ರದ ಪುರಾವೆಗಳು ಅದನ್ನು ಮತ್ತೆ ಕೂಡಿಸಿವೆ. ಪಠ್ಯ ಅದನ್ನು ಉಳಿಸಿಕೊಂಡಿರುವುದು ಸರಿಯೇ ಆಗಿದೆ.

ವಂಶವಾಹಿಗಳ ಮಾತೇ ಕೊನೆಯೇ?

ಹಳೆಯ ಕೋಷ್ಟಕದ ಬದಲು ವಂಶವಾಹಿಗಳ ವೃಕ್ಷವನ್ನು ಕಂಠಪಾಠ ಮಾಡಿಸಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಸಾಲದು. ಸ್ವೀಡನ್ನಿನ ಕಡಲಲ್ಲಿ ದೊರೆತ ಕ್ಸೀನೊಟರ್ಬೆಲ್ಲ ಎಂಬ ಹುಳು ಮೃದ್ವಂಗಿಗಳ ಸಂಬಂಧಿ ಎಂದು 1997ರಲ್ಲಿ ಡಿಎನ್‌ಎ ಆಧಾರದಿಂದ ಹೇಳಲಾಯಿತು. ಓದಿದ್ದು ಹುಳುವಿನ ಡಿಎನ್‌ಎ ಅಲ್ಲ, ಅದು ತಿಂದ ಚಿಪ್ಪುಜೀವಿಯದು! 2003ರಲ್ಲಿ ಅದನ್ನು ಡ್ಯೂಟರೋಸ್ಟೋಮ್‌ಗಳಿಗೆ ಸೇರಿಸಿದರು, 2016ರಲ್ಲಿ ಹೊರಹಾಕಿದರು, 2019ರಲ್ಲಿ ಇನ್ನೊಂದು ತಂಡ ಆಂಬುಲಕ್ರೇರಿಯಾದ ಪಕ್ಕಕ್ಕೆ ತಂದಿಟ್ಟಿತು. ಪಳೆಯುಳಿಕೆಗಳ ಓದೂ ಹೀಗೆಯೇ ಬದಲಾಗುತ್ತದೆ. ಚೀನಾದಲ್ಲಿ ದೊರೆತ ಸ್ಯಾಕೊರೈಟಸ್ಸನ್ನು 2017ರಲ್ಲಿ ಅತಿ ಹಳೆಯ ಡ್ಯೂಟರೋಸ್ಟೋಮ್ ಎಂದು ಘೋಷಿಸಲಾಗಿತ್ತು. ಕಿವಿರು ರಂಧ್ರಗಳೆಂದು ತಿಳಿದದ್ದು ಉದುರಿದ ಮುಳ್ಳುಗಳ ಬುಡವೆಂದು 2022ರಲ್ಲಿ ತಿಳಿದ ಮೇಲೆ ಅದು ಪ್ರಿಯಾಪುಲಸ್ಸಿನ ಶಾಖೆಗೆ ಹೋಯಿತು.

ಇನ್ನೂ ಮುಂದೆ ಹೋಗಿ, ಡ್ಯೂಟರೋಸ್ಟೋಮ್ ಎಂಬ ಗುಂಪೇ ನಿಜವಾದ ಶಾಖೆಯೇ ಎಂಬ ಪ್ರಶ್ನೆಯನ್ನು ಕಾಪ್ಲಿ ಮತ್ತು ಸಂಗಡಿಗರು 2021ರಲ್ಲಿ ಎತ್ತಿದ್ದಾರೆ. ಕಾರ್ಡೇಟುಗಳನ್ನೂ ಆಂಬುಲಕ್ರೇರಿಯಾವನ್ನೂ ಜೋಡಿಸುವ ಪುರಾವೆ ನಾವು ತಿಳಿದಷ್ಟು ಬಲವಾಗಿಲ್ಲ ಎಂಬುದು ಅವರ ವಾದ. ಅದು ನಿಂತರೆ, ನಕ್ಷತ್ರ ಮೀನು ನಮಗೆ ಹತ್ತಿರ ಎಂದು ಮೇಲೆ ಹೇಳಿದ ಮಾತನ್ನೂ ತಿದ್ದಬೇಕಾದೀತು. ಆದರೆ ಗಮನಿಸಿ: ಯಾವ ವೃಕ್ಷ ಗೆದ್ದರೂ 'ನಾನ್‌ಕಾರ್ಡೇಟ' ಒಂದು ಶಾಖೆಯಾಗುವುದಿಲ್ಲ.

ತರಗತಿಯಲ್ಲಿ ಏನು ಮಾಡಬಹುದು?

ಪಠ್ಯ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಪರೀಕ್ಷೆಗೆ ಬೇಕಾದ ವಿಭಾಗಗಳನ್ನು ಹೇಳಿಕೊಡುತ್ತಲೇ ಒಂದು ಅವಧಿಯನ್ನು ಇದಕ್ಕೆ ಮೀಸಲಿಡಬಹುದು. ನಕ್ಷತ್ರ ಮೀನು, ಬಲನೊಗ್ಲಾಸಸ್, ಆಂಫಿಯಾಕ್ಸಸ್, ಅಸಿಡಿಯನ್, ಶಾರ್ಕ್, ಕಪ್ಪೆ, ಈ ಆರು ಹೆಸರುಗಳನ್ನು ಬೇರೆ ಬೇರೆ ಚೀಟಿಗಳಲ್ಲಿ ಬರೆಯಿರಿ. ಕಿವಿರು ಸೀಳು, ನೋಟೊಕಾರ್ಡ್, ಬೆನ್ನಿನ ನರನಾಳ, ದವಡೆ, ನಾಲ್ಕು ಕಾಲು ಎಂಬ ಲಕ್ಷಣಗಳು ಜೀವನದ ಯಾವುದಾದರೂ ಹಂತದಲ್ಲಿ ಇವೆಯೇ ಎಂದು ವಿದ್ಯಾರ್ಥಿಗಳೇ ಗುರುತು ಹಾಕಿ, ಹಂಚಿಕೊಂಡ ಲಕ್ಷಣಗಳ ಮೇಲೆ ವೃಕ್ಷ ಬರೆಯಲಿ. ಆಂಫಿಯಾಕ್ಸಸ್ ಮತ್ತು ಅಸಿಡಿಯನ್ ಎರಡರಲ್ಲಿ ಯಾವುದು ಕಪ್ಪೆಗೆ ಹತ್ತಿರ ಎಂಬಲ್ಲಿ ಅವರು ಸಿಕ್ಕಿಕೊಳ್ಳುತ್ತಾರೆ. ಆಗ 2006ರ ಫಲಿತಾಂಶವನ್ನು ಹೇಳಿ. ಸಂಗ್ರಹಾಲಯದ ಹಳೆಯ ಮಾದರಿಗಳನ್ನೇ ಬಳಸಿ. ಕಡಲ ಸೌತೆಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ.

ಪ್ರಶ್ನೆಪತ್ರಿಕೆ ತಯಾರಿಸುವವರಿಗೂ ಒಂದು ಮಾತು. 'ಹೆಮಿಕಾರ್ಡೇಟ ಯಾವ ವಿಭಾಗಕ್ಕೆ ಸೇರಿದೆ?' ಎಂಬ ಪ್ರಶ್ನೆಯ ಪಕ್ಕದಲ್ಲಿ, 'ಅದನ್ನು ಕಾರ್ಡೇಟುಗಳಿಂದ ಹೊರಗಿಟ್ಟದ್ದು ಯಾವ ಕಾರಣಕ್ಕೆ?' ಎಂಬುದನ್ನೂ ಕೇಳಬಹುದು. ಮೊದಲನೆಯದಕ್ಕೆ ನೆನಪಿನ ಶಕ್ತಿ ಸಾಕು. ಎರಡನೆಯದಕ್ಕೆ ಉತ್ತರ ಬರೆಯಬಲ್ಲ ವಿದ್ಯಾರ್ಥಿ, ನಾಳೆ ವಂಶವೃಕ್ಷವೇ ಬದಲಾದರೂ ಗೊಂದಲಪಡುವುದಿಲ್ಲ.